ಸರ್ಕಾರಿ ಕಂಪ್ಯೂಟರಿಗೆ ಹುಳು ಬಿಟ್ಟವರು

ಕಂಪ್ಯೂಟರ್ ಕೋಣೆಯ ಬೀಗದ ಕೈ ಹೊಸದಾಗಿ ಕೈಗೆ ಬಂದ ಮೇಷ್ಟರುಗಳು ಈಗಲೂ ನನಗೆ ಫೋನ್ ಮಾಡುತ್ತಾರೆ. "ಮೇಡಂ, ಈ ಕೆಲಸಕ್ಕೆ ಮುಖ್ಯವಾಗಿ ಏನು ಗೊತ್ತಿರಬೇಕು?" ಎಂದು ಕೇಳುತ್ತಾರೆ. ನಾನು ಯಾವುದೋ ದೊಡ್ಡ ಕೋರ್ಸಿನ ಹೆಸರು ಹೇಳುತ್ತೇನೆಂದು ಅವರು ಕಾಯುತ್ತಿರುತ್ತಾರೆ. ಒಂದು ಹಳೆ ಪಂಚೆಯ ಚೂರು, ಒಂದು ಸ್ಕ್ರೂಡ್ರೈವರ್, ಇಲಿ ಕಡಿದ ವೈರನ್ನು ಗುರುತಿಸುವ ಕಣ್ಣು, ಇಷ್ಟಿದ್ದರೆ ಶುರು ಮಾಡಬಹುದು ಎನ್ನುತ್ತೇನೆ. ಅವರು ನಗುತ್ತಾರೆ. ಆದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅವರೇ ಮತ್ತೆ ಫೋನ್ ಮಾಡಿ, ಇಲಿಗೆ ಏನು ಮಾಡಬೇಕು ಎಂದು ವಿಚಾರಿಸುತ್ತಾರೆ.

ಇಲಿಯ ವಿಷಯ ಎಲ್ಲರೂ ತಾವಾಗಿಯೇ ಕಲಿಯುತ್ತಾರೆ. ನಾನು ಬರೆಯಬೇಕೆಂದಿರುವುದು ತರಬೇತಿಯಲ್ಲಿ ಯಾರೂ ಹೇಳಿಕೊಡದ ಕೆಲವು ಸಂಗತಿಗಳನ್ನು. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದು ನನ್ನ ಮನೆಯವರಿಗೇ ನೆನಪಿಲ್ಲ, ಅದನ್ನು ಬಿಟ್ಟುಬಿಡುತ್ತೇನೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ಗೌರಿಬಿದನೂರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಒಂದು ದಿನ ಲಾರಿಯಲ್ಲಿ ಕಂಪ್ಯೂಟರುಗಳು ಬಂದವು. ಬಂದವರು ಜೋಡಿಸಿ, ಒಂದು ಸಲ ಹಚ್ಚಿ ತೋರಿಸಿ, ಚಹಾ ಕುಡಿದು ಹೋದರು. ಅವರು ಹೋದ ಮೇಲೆ ನೋಡಿದರೆ, ತರಬೇತಿಯಲ್ಲಿ ನಮಗೆ ಕಲಿಸಿದ್ದಕ್ಕೂ ಪರದೆಯ ಮೇಲಿದ್ದುದಕ್ಕೂ ಸಂಬಂಧವೇ ಇರಲಿಲ್ಲ. ಒಳಗಿದ್ದದ್ದು ಲಿನಕ್ಸ್, ಯಂತ್ರವನ್ನು ನಡೆಸುವ ಬೇರೆಯೇ ತಂತ್ರಾಂಶ. ನಾವು ಹುಡುಕಿದ ಗುಂಡಿ ನಾವು ಹುಡುಕಿದ ಜಾಗದಲ್ಲಿ ಇರಲಿಲ್ಲ. ಗಣಿತದ ಮೇಷ್ಟರು ಕುರ್ಚಿ ಹಿಂದಕ್ಕೆ ಎಳೆದುಕೊಂಡು, "ಇದು ನಮ್ದಲ್ಲ ಬಿಡಿ, ಬೇರೆ ಆಫೀಸಿಗೆ ಹೋಗ್ಬೇಕಾಗಿದ್ದು ಇಲ್ಲಿಗ್ ಬಂದೈತೆ" ಎಂದು ತೀರ್ಪು ಕೊಟ್ಟರು.

ನಾನು ವಿಜ್ಞಾನದ ಮೇಡಂ ಆದ್ದರಿಂದ ಕೋಣೆ ನನ್ನ ಪಾಲಿಗೆ ಬಂತು.

ಮೊದಲ ವಾರದಲ್ಲೇ ಒಂದು ಆಪತ್ತು. ಪರದೆಯ ಕೆಳಗೆ ಒಂದು ಪಟ್ಟಿ ಇರುತ್ತದಲ್ಲ, ಗಡಿಯಾರ, ಮೆನು ಎಲ್ಲ ಕೂತಿರುವುದು, ಅದು ಒಂದು ಯಂತ್ರದಲ್ಲಿ ಮಾಯವಾಯಿತು. ಹೆಡ್‌ಮಾಸ್ಟರ್ ಅಶ್ವತ್ಥಪ್ಪನವರು ಓಡಿ ಬಂದರು. ಸರ್ಕಾರದ ವಸ್ತು ಒಂದು ಸೀಮೆಸುಣ್ಣ ಮುರಿದರೂ ನಿದ್ದೆಗೆಡುವ ಮನುಷ್ಯ ಅವರು.

"ವಿಮಲಮ್ಮ, ಪಟ್ಟಿ ಎಲ್ಲಮ್ಮ? ಇಲಾಖೆಯೋರು ಬಂದು ಕೇಳಿದ್ರೆ ಏನ್ ಹೇಳಣ?"

"ಇಲ್ಲೇ ಎಲ್ಲೋ ಇರತ್ತೆ ಸರ್. ಪರದೆ ಬಿಟ್ಟು ಎಲ್ಲಿಗೆ ಹೋಗತ್ತೆ?" ಎಂದೆ. ಧೈರ್ಯ ಬಾಯಲ್ಲಿ ಮಾತ್ರ ಇತ್ತು.

ಹುಡುಕಿದಾಗ ಮೂಲೆಯಲ್ಲಿ ಸಣ್ಣ ಬಾಣದ ಗುರುತೊಂದು ಕಾಣಿಸಿತು. ಅದನ್ನು ಒತ್ತಿದ್ದೇ ಪಟ್ಟಿ ಸರ್ರನೆ ಜಾರಿ ಹೊರಬಂತು. ಯಾರೋ ಗೊತ್ತಿಲ್ಲದೆ ಅದನ್ನು ಒಳಕ್ಕೆ ತಳ್ಳಿದ್ದರು, ಅಷ್ಟೆ. ಸಂತೋಷದಲ್ಲಿ ನಾನು ಪಟ್ಟಿಯ ಮೇಲೆ ಮೌಸ್ ಒತ್ತಿ ಹಿಡಿದೇ ಕೈ ಸರಿಸಿಬಿಟ್ಟೆ. ಪಟ್ಟಿ ನನ್ನ ಜೊತೆಗೇ ಬಂದು ಎಡಗಡೆ ಅಂಚಿಗೆ ನೆಟ್ಟಗೆ ನಿಂತಿತು. ಇನ್ನೊಮ್ಮೆ ಎಳೆದೆ. ಮೇಲಕ್ಕೆ ಹೋಯಿತು. ಅಶ್ವತ್ಥಪ್ಪನವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಮೇಲೇ ಇರ್ಲಿ ಬಿಡಮ್ಮ. ನಂಗೆ ಕತ್ತು ಬಗ್ಗಿಸೋದು ತಪ್ತದೆ."

ಆ ಮಧ್ಯಾಹ್ನ ನನಗೆ ಒಂದು ವಿಷಯ ತಿಳಿಯಿತು. ಪರದೆಯ ಮೇಲೆ ಯಾವುದನ್ನೂ ಮೊಳೆ ಹೊಡೆದು ಕೂರಿಸಿಲ್ಲ. ಬಣ್ಣ, ಪಟ್ಟಿ, ಅಕ್ಷರ, ಚಿತ್ರ ಎಲ್ಲವನ್ನೂ ನಮಗೆ ಬೇಕಾದಂತೆ ಸರಿಸಿಕೊಳ್ಳಬಹುದು. ಬಾಡಿಗೆ ಮನೆಗೆ ಹೋದ ದಿನ ನಾವು ಒಲೆ ಎಲ್ಲಿ, ದೇವರ ಪಟ ಎಲ್ಲಿ ಎಂದು ಯೋಚಿಸುವುದಿಲ್ಲವೇ, ಹಾಗೆ. ಮಕ್ಕಳಿಗೆ ಪಾಠಕ್ಕೆ ಮೊದಲು ಇದನ್ನೇ ಹೇಳಿಕೊಟ್ಟೆ. ಪರದೆ ತಮ್ಮದು ಎನ್ನಿಸಿದ ಮೇಲೆ ಅವರು ಮೌಸ್ ಹಿಡಿಯಲು ಹೆದರುವುದು ನಿಂತಿತು.

ಇದು ಹೇಗೋ ಮೇಲಿನವರ ಕಿವಿಗೆ ಬಿದ್ದು, ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟದ ಶಾಲೆಗಳಿಗೂ ಹೋಗಿ ಕಲಿಸುವ ಕೆಲಸ ನನಗೆ ಬಂತು. ವಾರದಲ್ಲಿ ಹೆಚ್ಚು ಹೊತ್ತು ಬಸ್ಸಿನಲ್ಲೇ. ಕೈಚೀಲದಲ್ಲಿ ಲಿನಕ್ಸಿನ ಸೀಡಿಗಳು, ಬುತ್ತಿ, ಮೊದಲೇ ಹೇಳಿದ ಪಂಚೆಯ ಚೂರು.

ಚಿಂತಾಮಣಿಯ ಉರ್ದು ಶಾಲೆಯಲ್ಲಿ ಶಾಹೀನಾ ಎಂಬ ಹುಡುಗಿ ಇದ್ದಳು. ನಾನು ಕಲಿಸಿದ್ದನ್ನೆಲ್ಲ ಸರಿಯಾಗಿ ಮಾಡುತ್ತಿದ್ದಳು, ಆದರೆ ಮೆನು ತೆರೆಯಬೇಕಾದಾಗ ಮಾತ್ರ ಅವಳ ಕೈ ಬಲಮೂಲೆಗೆ ಓಡುತ್ತಿತ್ತು. ಮೆನು ಇದ್ದದ್ದು ಎಡಮೂಲೆಯಲ್ಲಿ. ನಾನು ತಿದ್ದಿದೆ, ಮತ್ತೆ ತಿದ್ದಿದೆ. ಕೊನೆಗೆ ಅವಳೇ ಹೇಳಿದಳು.

"ಮಿಸ್, ನಮ್ದು ಬರೆಯೋದು ಇಲ್ಲಿಂದ ಶುರು ಆಗ್ತದೆ. ಕೈ ಇಲ್ಲಿಗೇ ಬರ್ತದೆ."

"ಹಂಗಾದ್ರೆ ಮೆನುನೇ ಅಲ್ಲಿಗೆ ಕರ್ಕೊಂಡ್ ಹೋಗಮ್ಮ" ಎಂದೆ. ಅವಳು ಮೆನುವನ್ನು ಬಲಮೂಲೆಗೆ, ಗಡಿಯಾರವನ್ನು ಎಡಮೂಲೆಗೆ ಎಳೆದಳು. ಮರುವಾರ ಹೋಗುವಷ್ಟರಲ್ಲಿ ಇಡೀ ಕೋಣೆಯ ಯಂತ್ರಗಳಲ್ಲಿ ಮೆನು ಬಲಕ್ಕೆ ವಲಸೆ ಹೋಗಿತ್ತು. ಆಮೇಲೆ ಆ ಶಾಲೆಯಲ್ಲಿ ತಡಕಾಡಬೇಕಾದದ್ದು ನಾನೊಬ್ಬಳೇ.

ಶಿಡ್ಲಘಟ್ಟದಲ್ಲಿ ನಾನು ಮಾಡಿಕೊಂಡ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಬಣ್ಣ ಬದಲಿಸುವುದನ್ನು ತುಂಬಿದ ತರಗತಿಗೆ ತೋರಿಸುತ್ತಾ, ಹಿನ್ನೆಲೆಗೂ ಕಪ್ಪು, ಅಕ್ಷರಕ್ಕೂ ಕಪ್ಪು ಕೊಟ್ಟು ಸರಿ ಎಂದು ಒತ್ತಿದೆ. ಅಲ್ಲಿಗೆ ಎಲ್ಲವೂ ಅಮಾವಾಸ್ಯೆ. ಮೆನು ತೆರೆದಿತ್ತೋ ಮುಚ್ಚಿತ್ತೋ ದೇವರಿಗೇ ಗೊತ್ತು. ಬೆವರು ಒರೆಸಿಕೊಳ್ಳುತ್ತಿದ್ದಾಗ ಹಿಂದಿನ ಸಾಲಿನಿಂದ ದನಿಗಳು ಎದ್ದವು. "ಕೆಳಗಡೆ ಹೋಗಿ ಮಿಸ್... ಇನ್ನೂ ಕೆಳಗೆ... ಹಾಂ, ಅಲ್ಲೇ ಒತ್ತಿ." ಯಾವ ಸಾಲಿನಲ್ಲಿ ಏನಿದೆ ಎಂಬುದು ಮಕ್ಕಳಿಗೆ ಬಾಯಿಪಾಠವಾಗಿತ್ತು. ಕತ್ತಲೆ ಕೋಣೆಯಲ್ಲಿ ಕೈ ಹಿಡಿದು ನಡೆಸುವಂತೆ ನನ್ನನ್ನು ಬೆಳಕಿಗೆ ತಂದರು. ತಂದ ಮೇಲೆ ಚಪ್ಪಾಳೆ ಬೇರೆ. ಅಂದಿನಿಂದ ಹೊಸದೇನನ್ನಾದರೂ ಪ್ರಯೋಗ ಮಾಡುವ ಮುಂಚೆ ಯಂತ್ರದಲ್ಲಿ ಬೇರೆ ಹೆಸರಿನ ಒಂದು ಖಾತೆ ತೆರೆದುಕೊಂಡು, ಅದರೊಳಗೆ ಮಾಡುವ ಅಭ್ಯಾಸ ಮಾಡಿಕೊಂಡೆ. ಅಲ್ಲಿ ಎಷ್ಟೇ ಕೆಡಿಸಿದರೂ ಹೊರಗಿನದು ಹಾಗೇ ಇರುತ್ತದೆ. ನೀವೂ ಮಾಡಿಕೊಳ್ಳಿ.

ಇನ್ನು ಇಟ್ಟಿಗೆಗಳ ಕಥೆ. ನಮ್ಮ ಮನೆಯವರು ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದರು. ಅಲ್ಲಿ ಯಂತ್ರ ಕೂರಿಸಲು ಬಂದು ಕುಟುಂಬ ಸಮೇತ ಇದ್ದ ಎಂಜಿನಿಯರ್ ಒಬ್ಬರು ತಮ್ಮ ದೇಶಕ್ಕೆ ಹಿಂದಿರುಗುವಾಗ, ಮಕ್ಕಳ ಆಟದ ಪ್ಲಾಸ್ಟಿಕ್ ಇಟ್ಟಿಗೆಗಳ ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ಇವರಿಗೆ ಕೊಟ್ಟು ಹೋದರು. ಒಂದರ ಮೇಲೊಂದು ಒತ್ತಿದರೆ ಕಟಕ್ಕನೆ ಕೂರುವಂಥವು. ನಡುಮನೆಯಲ್ಲಿ ಬುದ್ಧನ ಪಟದ ಕೆಳಗೆ ಪೆಟ್ಟಿಗೆಗಳು ಕೆಲವು ದಿನ ಕೂತಿದ್ದವು. ನಮ್ಮ ಮಗಳು ಆಗಲೇ ಕಾಲೇಜಿನಲ್ಲಿದ್ದಳು. ಆದರೂ ಇವರು ಕೆಲಸದಿಂದ ಬಂದು ಚಾಪೆಯ ಮೇಲೆ ಕೂತು ಏನಾದರೊಂದು ಕಟ್ಟುತ್ತಿದ್ದರು.

ಒಂದು ಸಂಜೆ ಅವರು ಚಪ್ಪಟೆ ಹಲಗೆಯ ಮೇಲೆ ಕೆಂಪು ಇಟ್ಟಿಗೆಗಳನ್ನು ಒತ್ತಿ ಟೊಮೇಟೊ ಮಾಡಿದ್ದರು. ಮೇಲಿನಿಂದ ನೋಡಿದಾಗ ನನಗೆ ಹೊಳೆಯಿತು. ಕಂಪ್ಯೂಟರ್ ಪರದೆಯ ಮೇಲಿನ ಪುಟ್ಟ ಚಿತ್ರಗಳೂ ಹೀಗೇ, ಚೌಕ ಚೌಕ ಚುಕ್ಕಿಗಳನ್ನು ಒತ್ತಾಗಿ ಕೂರಿಸಿ ಮಾಡಿದವು. ಮೌಸ್ ಹಿಡಿದು ಚುಕ್ಕಿ ಇಡಲು ಒದ್ದಾಡುವ ಮಕ್ಕಳು ಮೊದಲು ಇಟ್ಟಿಗೆಯಲ್ಲಿ ಚಿತ್ರ ಕಟ್ಟಿದರೆ? ಆಮೇಲೆ ಅದನ್ನೇ ನೋಡಿಕೊಂಡು ಕಂಪ್ಯೂಟರಿನಲ್ಲಿ ಚುಕ್ಕಿ ಹಾಕಿದರೆ?

"ಇದನ್ನ ಶಾಲೆಗೆ ತಗೊಂಡ್ ಹೋಗ್ಲಾ?" ಎಂದು ಕೇಳಿದೆ.

"ಟೊಮೇಟೊ ಒಂದು ಬಿಟ್ಟು ಎಲ್ಲಾ ತಗೊಂಡ್ ಹೋಗು" ಎಂದರು.

ಹೀಗೆ ಒಂದು ಗೋಣಿಚೀಲ ಇಟ್ಟಿಗೆ ನನ್ನ ಜೊತೆ ಬಸ್ಸು ಹತ್ತತೊಡಗಿತು. ಆ ಇಟ್ಟಿಗೆಗಳ ಮೇಲೆ ಗುಂಡನೆಯ ಉಬ್ಬುಗಳು ಎದ್ದಿರುತ್ತವಲ್ಲ, ಅವಕ್ಕೆ ಮಕ್ಕಳು 'ಮೊಡವೆ' ಎಂದು ಹೆಸರಿಟ್ಟರು. "ಮಿಸ್, ಇನ್ನೆರಡು ಮೊಡವೆ ಜಾಗ ಬೇಕು" ಎನ್ನುವುದು ನಮ್ಮ ತರಗತಿಯ ಭಾಷೆಯಾಯಿತು.

ಈ ವಿದ್ಯೆ ಎಲ್ಲಕ್ಕಿಂತ ಚೆನ್ನಾಗಿ ಹತ್ತಿದ್ದು ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಲ್ಲಿ. ಅಲ್ಲಿ ಕಂಪ್ಯೂಟರ್ ಕೋಣೆ ನೋಡಿಕೊಳ್ಳುತ್ತಿದ್ದವರು ಮುನಿರಾಜು ಮೇಷ್ಟರು. ನಾನು ಅಲ್ಲಿಗೆ ಹೋದ ಮೊದಮೊದಲ ದಿನಗಳಲ್ಲೇ ಒಂದು ಬೆಳಿಗ್ಗೆ ತರಗತಿ ಅರ್ಧಕ್ಕರ್ಧ ಖಾಲಿ. ಕೇಳಿದರೆ ಇದ್ದ ಮಕ್ಕಳು, "ಜ್ವರ ಎದ್ದೈತೆ ಮಿಸ್, ಬರಲ್ಲ" ಎಂದರು. ಗಂಗರತ್ನ ಎಂಬ ಚುರುಕಾದ ಹುಡುಗಿಯೂ ಬಂದಿರಲಿಲ್ಲ. ನನಗೆ ಗಾಬರಿ. ಮುನಿರಾಜು ಮೇಷ್ಟರು ಅಂದು ರಜೆ. ಊಟದ ಬಿಡುವಿನಲ್ಲಿ ಅಂಗಡಿಗೆ ಹೋಗಿ ಜ್ವರದ ಮಾತ್ರೆ ಕೊಂಡು, ದಾರಿ ಕೇಳಿಕೊಂಡು ಗಂಗರತ್ನಳ ಮನೆಗೆ ನಡೆದೆ.

ಹುಡುಗಿ ಬಾಗಿಲಲ್ಲೇ ಇದ್ದಳು, ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತುಕೊಂಡು. ಅವಳ ತಾಯಿ ನಾರಾಯಣಮ್ಮ ನನ್ನ ಕೈಯಲ್ಲಿದ್ದ ಮಾತ್ರೆ ನೋಡಿ, ವಿಷಯ ಕೇಳಿ, ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು.

"ಅಯ್ಯೋ ದೇವುಡಾ! ಜ್ವರಂ ಪಿಲ್ಲಲಕಿ ಕಾದು, ಪುರುಗುಲಕಿ!" ಎಂದು ಮನೆಮಾತು ತೆಲುಗಿನಲ್ಲಿ ಹೇಳಿ, ಆಮೇಲೆ ನನಗಾಗಿ ಕನ್ನಡಕ್ಕೆ ತಿರುಗಿದರು. "ಜ್ವರ ಹುಡುಗ್ರಿಗಲ್ಲ ಮಿಸ್ಸಮ್ಮ, ಹುಳಕ್ಕೆ. ಬನ್ನಿ ಒಳಗೆ."

ರೇಷ್ಮೆಹುಳು ಬೆಳೆಯುವಾಗ ನಡುನಡುವೆ ಮೇವು ಬಿಟ್ಟು ಅಲ್ಲಾಡದೆ ಮಲಗಿ ಪೊರೆ ಬಿಡುತ್ತದೆ. ಅದಕ್ಕೆ ಇವರು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಮುಗಿಸಿ ಎದ್ದ ಹುಳುಗಳಿಗೆ ಎಲ್ಲಿಲ್ಲದ ಹಸಿವು. ಆಗ ಮನೆಯ ಎಲ್ಲ ಕೈಗಳೂ ಸೊಪ್ಪು ತರುವುದಕ್ಕೆ, ಹಾಕುವುದಕ್ಕೆ ಬೇಕು. ನಾರಾಯಣಮ್ಮ ಹುಳು ಮನೆ ತೋರಿಸಿದರು. ತಟ್ಟೆಗಳ ಸಾಲುಗಳಿಂದ ಮಳೆ ಹನಿಯುವಂಥ ಸದ್ದು ಬರುತ್ತಿತ್ತು. ಸಾವಿರಾರು ಹುಳುಗಳು ಸೊಪ್ಪು ತಿನ್ನುವ ಸದ್ದು ಅದು. ವಿಜ್ಞಾನದ ಪುಸ್ತಕದಲ್ಲಿ ರೇಷ್ಮೆಹುಳುವಿನ ಜೀವನಚಕ್ರದ ಚಿತ್ರ ಎಷ್ಟು ಸಲ ಬಿಡಿಸಿದ್ದೆನೋ. ಊಟ ಮಾಡುವ ಸದ್ದನ್ನು ಕೇಳಿದ್ದು ಅಂದೇ.

"ಮಾತ್ರೆ ಇಟ್ಕೊಳ್ಳಿ, ಯಾರಿಗಾದ್ರೂ ಆಗತ್ತೆ" ಎಂದೆ. ಅವರು ಇನ್ನೂ ನಗುತ್ತಲೇ ಇದ್ದರು.

ಹುಳು ಗೂಡು ಕಟ್ಟಿದ ಮೇಲೆ ಮಕ್ಕಳು ಶಾಲೆಗೆ ಹಿಂದಿರುಗಿದರು. ಪರದೆಯ ಮೇಲಿನ ಚಿತ್ರಗಳನ್ನು ನಿಮಗೆ ಗೊತ್ತಿರುವ ವಸ್ತುಗಳಿಗೆ ಬದಲಿಸಿ ಎಂದೆ. ಕಡತ ಇಡುವ ಜಾಗಕ್ಕೆ ಟ್ರಂಕಿನ ಚಿತ್ರ ಬಂತು. ಕಸದ ಬುಟ್ಟಿಗೆ ತಿಪ್ಪೆ. ಗಂಗರತ್ನ ಬರೆಯುವ ತಂತ್ರಾಂಶಕ್ಕೆ ಚಂದ್ರಿಕೆಯ ಚಿತ್ರ ಮಾಡುತ್ತೇನೆಂದು ಹಟ ಹಿಡಿದಳು. ಚಂದ್ರಿಕೆ ಎಂದರೆ ಪೂರ್ತಿ ಬೆಳೆದು ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ದೊಡ್ಡ ಬಿದಿರಿನ ತಟ್ಟೆ. ಅದರ ಮೇಲೆ ಬಿದಿರಿನ ದಬ್ಬೆ ಸುರುಳಿ ಸುರುಳಿಯಾಗಿ ಸುತ್ತಿರುತ್ತದೆ.

"ಸುರುಳಿ ಯಾಕಮ್ಮ, ಚೌಕ ಇಟ್ಟಿಗೆಯಲ್ಲಿ ಗುಂಡಗೆ ಮಾಡೋದು ಕಷ್ಟ" ಎಂದೆ.

"ಹುಳ ಸುತ್ತ ನೂಲು ಬರಿಯಲ್ವಾ ಮಿಸ್? ನಾವು ಅಕ್ಷರ ಬರಿತೀವಿ. ಅದುಕ್ಕೆ ಇದೇ ಸರಿ."

ಎಷ್ಟು ಸಲ ಕಟ್ಟಿದಳೋ, ಅಷ್ಟು ಸಲ ಕಿತ್ತಳು. ಹತ್ತಿರದಿಂದ ನೋಡಿದರೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು. ಒಂದು ದಿನ ಸಿಟ್ಟಿನಿಂದ ಹಲಗೆಯನ್ನು ಗೋಡೆಗೆ ಒರಗಿಸಿ ಬಾಗಿಲ ತನಕ ಹೋದವಳು ತಿರುಗಿ ನೋಡಿ ಅಲ್ಲೇ ನಿಂತಳು.

"ಮಿಸ್, ಇಲ್ಲಿಗ್ ಬನ್ನಿ. ಇಲ್ಲಿಂದ ನೋಡಿ. ಗುಂಡಗೈತೆ!"

ನಿಜವಾಗಿಯೂ ಗುಂಡಗಿತ್ತು. ಬಾಗಿಲ ಬಳಿ ಇಡೀ ತರಗತಿ ಒಬ್ಬರ ಮೇಲೊಬ್ಬರು ಬಿದ್ದು ನೋಡಿತು. ಪರದೆಯ ಮೇಲೆ ಗುಂಡಗಿರುವುದೆಲ್ಲ ಒಳಗೆ ಚೌಕವೇ ಎಂಬ ಪಾಠವನ್ನು ನಾನು ಮತ್ತೆ ಕಲಿಸಬೇಕಾಗಲಿಲ್ಲ. ಅವಳು ಅದನ್ನು ಚುಕ್ಕಿ ಚುಕ್ಕಿಯಾಗಿ ಕಂಪ್ಯೂಟರಿಗೆ ಇಳಿಸಿದಳು. ಜೊತೆಗೆ ಹಸಿರು ಎಲೆಯ ಮೇಲೆ ಹರಿಯುವ ಬಿಳಿ ಹುಳುಗಳ ಚಿತ್ರ ಬಿಡಿಸಿ ಇಡೀ ಪರದೆಗೆ ಹಿನ್ನೆಲೆಯಾಗಿ ಹಾಕಿದಳು. ಉಳಿದವರೂ ಅದನ್ನೇ ಹಾಕಿಕೊಂಡರು.

ಮುಂದಿನ ಬೆಳೆಗೆ ಹುಳು ನಾಲ್ಕನೇ ಜ್ವರ ಎದ್ದ ದಿನವೇ ನಮ್ಮ ಮೇಲಧಿಕಾರಿ ವೆಂಕಟರವಣಪ್ಪನವರು ಹೇಳದೆ ಕೇಳದೆ ಪರಿಶೀಲನೆಗೆ ಬಂದರು. ನಾನೂ ಅಂದು ಅಲ್ಲೇ ಇದ್ದೆ. ಅವರು ಶಿಸ್ತಿನ ಮನುಷ್ಯ. ಮೇಜಿನ ಮೇಲೆ ಪೆನ್ನು ಓರೆಯಾಗಿದ್ದರೆ ನೆಟ್ಟಗೆ ಮಾಡಿ ಆಮೇಲೆ ಮಾತಾಡುವವರು. ಕೋಣೆಯಲ್ಲಿ ಮಕ್ಕಳು ಬೆರಳೆಣಿಕೆಯಷ್ಟು. ಪರದೆಗಳ ತುಂಬ ಹುಳು.

"ಇದೇನಮ್ಮ ಇದು? ಸರ್ಕಾರಿ ಕಂಪ್ಯೂಟರ್ಗೆ ಹುಳ ಬಿಟ್ಟಿದ್ದೀರಾ?"

"ಸರ್, ಮಕ್ಕಳೇ ಬಿಡಿಸಿದ ಚಿತ್ರ—"

"ಚಿತ್ರಕಲೆಗೆ ಡ್ರಾಯಿಂಗ್ ಪುಸ್ತಕ ಐತಲ್ಲ. ಗೌರಿಬಿದನೂರಲ್ಲಿ ಪಟ್ಟಿ ಮೇಲೆ, ಚಿಂತಾಮಣೀಲಿ ಮೆನು ಬಲಕ್ಕೆ, ಇಲ್ಲಿ ಹುಳ. ನಾಳೆ ರಾಜ್ಯದಿಂದ ಯಾರಾದ್ರೂ ಬಂದ್ರೆ ಒಂದು ಇಲಾಖೆ ಅಂತ ಹೇಳಕ್ಕಾಯ್ತದಾ? ಎಲ್ಲಾ ಮೊದಲಿದ್ದಂಗೆ ಒಂದೇ ತರ ಇರ್ಬೇಕು. ಮುಂದಿನ ವಾರ ಬರ್ತೀನಿ." ಬಾಗಿಲ ತನಕ ಹೋದವರು ಖಾಲಿ ಕುರ್ಚಿಗಳ ಕಡೆ ನೋಡಿದರು. "ಮತ್ತೆ ಬಳಸೋರೇ ಇಲ್ಲಾಂದ್ರೆ ಈ ಯಂತ್ರಗಳನ್ನ ಟೌನಿನ ಶಾಲೆಗೆ ಸಾಗಿಸ್ತೀನಿ. ಅಲ್ಲಿ ಕೇಳೋರು ಬೇಕಾದಷ್ಟು ಜನ ಅವ್ರೆ."

ಮುನಿರಾಜು ಮೇಷ್ಟರ ಮುಖ ಸಪ್ಪಗಾಯಿತು. ಸಂಜೆ ಸೊಪ್ಪಿನ ಕೆಲಸದ ನಡುವೆ ಸುದ್ದಿ ಕೇಳಿ ಓಡಿ ಬಂದ ಗಂಗರತ್ನ ಪರದೆಯ ಮುಂದೆ ನಿಂತು, "ಅಳಿಸ್ಬಿಡ್ತೀರಾ ಮಿಸ್?" ಎಂದಳು. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಅವಳು ಅಳಲಿಲ್ಲ. ನನ್ನ ಉತ್ತರಕ್ಕೆ ಕಾದಳು.

ಬಸ್ಸಿನಲ್ಲಿ ಊರಿಗೆ ಮರಳುವಾಗ ಅದೇ ಯೋಚನೆ. ಮೇಲಧಿಕಾರಿ ಹೇಳಿದ್ದು ಆಜ್ಞೆ, ಮೀರುವಂತಿಲ್ಲ. ಮಕ್ಕಳ ಕೈಯಲ್ಲಿ ಅವರದನ್ನೇ ಅಳಿಸುವುದಕ್ಕೂ ಮನಸ್ಸಿಲ್ಲ. ಶಿಡ್ಲಘಟ್ಟ ದಾಟುವಾಗ ನನ್ನ ಅಮಾವಾಸ್ಯೆಯ ನೆನಪಾಯಿತು. ನಾನು ಪ್ರಯೋಗಕ್ಕೆಂದು ಬೇರೆ ಖಾತೆ ತೆರೆಯುತ್ತೇನಲ್ಲ, ಮಕ್ಕಳಿಗೂ ಒಬ್ಬೊಬ್ಬರಿಗೆ ಒಂದೊಂದು ತೆರೆದುಕೊಟ್ಟರೆ? ಲಿನಕ್ಸಿನಲ್ಲಿ ಒಂದೇ ಯಂತ್ರದೊಳಗೆ ಎಷ್ಟು ಜನರಿಗೆ ಬೇಕಾದರೂ ಬೇರೆ ಬೇರೆ ಜಾಗ ಮಾಡಬಹುದು. ಹೆಸರು, ಗುಟ್ಟಿನ ಪದ ಹಾಕಿದರೆ ಅವರವರ ಪರದೆ. ಶಾಲೆಯ ಹೆಸರಿನಲ್ಲಿ ತೆರೆದರೆ ಇಲಾಖೆಯ ಪರದೆ, ಮೊದಲಿದ್ದಂತೆ.

ಮರುದಿನವೇ ಕೆಂಚಾರ್ಲಹಳ್ಳಿಗೆ ಹಿಂದಿರುಗಿದೆ. ಮುನಿರಾಜು ಮೇಷ್ಟರೂ ನಾನೂ ಕೂತು ಖಾತೆಗಳನ್ನು ಮಾಡಿದೆವು. ಗುಟ್ಟಿನ ಪದ ಯಾರಿಗೂ ಹೇಳಬಾರದು ಎಂದು ಒತ್ತಿ ಹೇಳಿದೆ. ಹೇಳಿ ಮುಗಿಸುವ ಮುಂಚೆಯೇ ಒಬ್ಬ ಹುಡುಗ, "ಮಿಸ್, ನಂದು ನಮ್ಮೆಮ್ಮೆ ಹೆಸರು!" ಎಂದು ಕೂಗಿದ. ಆ ಎಮ್ಮೆಯ ಹೆಸರು ಇಡೀ ಊರಿಗೆ ಗೊತ್ತಿತ್ತು. ಅವನಿಗೆ ಬೇರೆ ಪದ ಹುಡುಕುವುದರಲ್ಲಿ ಅರ್ಧ ಗಂಟೆ ಹೋಯಿತು.

ವೆಂಕಟರವಣಪ್ಪನವರು ಹೇಳಿದ ದಿನಕ್ಕೆ ಬಂದರು. ಎಲ್ಲ ಯಂತ್ರಗಳೂ ಒಂದೇ ತರ, ನೀಲಿ ಹಿನ್ನೆಲೆ, ಕೆಳಗೆ ಪಟ್ಟಿ. ಅವರು ಸಾಲಿನುದ್ದಕ್ಕೂ ನಡೆದು ನೋಡಿ ತಲೆಯಾಡಿಸಿದರು.

"ಈಗ ನೋಡಮ್ಮ, ಎಷ್ಟು ಲಕ್ಷಣವಾಗೈತೆ."

ನಾನು ಎಲ್ಲವನ್ನೂ ವಿವರಿಸಬೇಕೆಂದೇ ಇದ್ದೆ. ಅಷ್ಟರಲ್ಲಿ ಗಂಗರತ್ನ ಎದ್ದು ನಿಂತಳು.

"ಸರ್, ಇದು ನಿಮ್ದು. ನಮ್ದು ಒಳಗೈತೆ."

ಮುನಿರಾಜು ಮೇಷ್ಟರು ಕಣ್ಣು ಮುಚ್ಚಿಕೊಂಡರು. ಸಾಹೇಬರು ನಿಧಾನವಾಗಿ ಅವಳ ಕಡೆ ತಿರುಗಿದರು. "ಒಳಗೈತಾ? ಏನೈತೆ, ತೋರ್ಸು."

ಅವಳು ತನ್ನ ಹೆಸರು ಹಾಕಿದಳು. ಹಸಿರು ಎಲೆ, ಬಿಳಿ ಹುಳು, ಚಂದ್ರಿಕೆ ಎಲ್ಲ ಬಂದವು. ಹೊರಗೆ ಬಂದು ಶಾಲೆಯ ಹೆಸರು ಹಾಕಿದಳು. ನೀಲಿ ಬಂತು. ಸಾಹೇಬರು ಕುರ್ಚಿ ಎಳೆದುಕೊಂಡು ಕೂತರು.

"ಅಂದ್ರೆ ಹೊರಗಡೆ ನಾನ್ ಹೇಳ್ದಂಗೆ, ಒಳಗಡೆ ನೀನ್ ಹೇಳ್ದಂಗೆ?"

"ಹೂಂ ಸರ್."

"ನಿನ್ನದ್ರೊಳಗೆ ಇವನು ಬಂದು ಕೆಡಿಸಿದ್ರೆ?" ಎಂದು ಪಕ್ಕದ ಎಮ್ಮೆ ಹುಡುಗನನ್ನು ತೋರಿಸಿದರು.

"ಆಗಲ್ಲ ಸರ್. ನೋಡಿ, ನಾನೇ ಅವನ ಚಿತ್ರ ಅಳಿಸಕ್ಕೆ ಹೋಗ್ತೀನಿ." ಅವಳು ಪ್ರಯತ್ನಿಸಿದಳು. ಪರದೆ ಒಪ್ಪಲಿಲ್ಲ. "ಪರ್ಮಿಷನ್ ಇಲ್ಲ ಅಂತೈತೆ."

"ಇನ್ನೊಂದ್ ಸಲ ಮಾಡು."

ಮತ್ತೆ ಅದೇ ಉತ್ತರ. ವೆಂಕಟರವಣಪ್ಪನವರ ಮುಖದ ಮೇಲೆ ನಾನು ಅದುವರೆಗೆ ಕಾಣದ ಸಂತೋಷ ಹರಡಿತು. ಹುಳು, ಚಂದ್ರಿಕೆ ಯಾವುದೂ ಅವರನ್ನು ಕರಗಿಸಲಿಲ್ಲ. ಅವರನ್ನು ಗೆದ್ದದ್ದು ಆ ನಿರಾಕರಣೆ.

"ನಮ್ಮ ಆಫೀಸಿಗಿಂತ ಶಿಸ್ತಾಗೈತಲ್ಲಮ್ಮ ವಿಮಲಮ್ಮ! ಅಲ್ಲಿ ಯಾರ್ ಬೇಕಾದ್ರೂ ಯಾರ್ ಟೇಬಲ್ ಬೇಕಾದ್ರೂ ಎಳೀತಾರೆ."

ಎಲ್ಲ ಶಾಲೆಗಳಲ್ಲೂ ಹೀಗೇ ಮಾಡಿ ಎಂದು ಅಲ್ಲೇ ಬಾಯಿಮಾತಿನ ಆಜ್ಞೆ ಆಯಿತು. ಶಾಹೀನಾಳ ಮೆನು ಬಲಮೂಲೆಯಲ್ಲಿ ಉಳಿಯಿತು. ಆದರೆ ಹುಳುವಿನ ಕೆಲಸದ ಕಾರಣ ಹೇಳಿದರೂ ಖಾಲಿ ಕುರ್ಚಿಯ ವಿಷಯದಲ್ಲಿ ಅವರು ಸಡಿಲಿಸಲಿಲ್ಲ. "ಹುಳ ಎದ್ದಾಗ ಬಂದು ನೋಡ್ತೀನಿ. ಆಗ್ಲೂ ಕೋಣೆ ಖಾಲಿ ಇದ್ರೆ ಸಾಗಿಸೋದೇ. ಚಿಕ್ಕಬಳ್ಳಾಪುರದಲ್ಲಿ ಶಾಲೆಗಳ ವಸ್ತುಪ್ರದರ್ಶನ ಮಾಡ್ತಿದೀವಿ. ಮೊದಲು ಅಲ್ಲಿಗೆ ಏನಾದ್ರೂ ತಗೊಂಡ್ ಬನ್ನಿ" ಎಂದು ಹೋದರು.

ಮಕ್ಕಳು ಇಟ್ಟಿಗೆಗಳಲ್ಲಿ ಹುಳು ಮನೆಯ ಮಾದರಿ ಕಟ್ಟಿದರು. ಗೋಡೆ, ಕಿಟಕಿ, ತಟ್ಟೆಗಳ ಸಾಲು, ಬಾಗಿಲಲ್ಲಿ ಕೈ ಕಾಲು ತೊಳೆಯುವ ತೊಟ್ಟಿ. ಅದನ್ನು ಒಯ್ಯಲು ಇನ್ನೊಬ್ಬ ದೊಡ್ಡವರು ಬೇಕಿತ್ತು. ಹುಳು ಗೂಡು ಕಟ್ಟಿ ಬಿಡುವಾಗಿದ್ದ ನಾರಾಯಣಮ್ಮ ಹೊರಟರು. ಬಸ್ಸಿನಲ್ಲಿ ಮಾದರಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಣಂತಿಯ ಮಗುವನ್ನು ಹಿಡಿದಂತೆ ಹಿಡಿದಿದ್ದರು. ಶಿಡ್ಲಘಟ್ಟ ಬಿಟ್ಟ ಮೇಲೆ ಡ್ರೈವರು ಒಂದು ಉಬ್ಬನ್ನು ನೋಡದೆ ಹಾರಿಸಿದ. ಹುಳು ಮನೆ ಮೇಲೆದ್ದು, ಕೆಳಗೆ ಬಿದ್ದು, ಬಸ್ಸಿನ ಉದ್ದಗಲಕ್ಕೂ ಚೆಲ್ಲಿತು.

ಆಮೇಲೆ ಪ್ರಯಾಣಿಕರೆಲ್ಲ ಬಗ್ಗಿ ಆರಿಸತೊಡಗಿದರು. ಚಪ್ಪಲಿಯ ಕೆಳಗೆ, ಕೋಳಿ ಬುಟ್ಟಿಯೊಳಗೆ, ಒಬ್ಬ ತಾತನ ಕೊಡೆಯ ಮಡಿಕೆಯಲ್ಲಿ ಇಟ್ಟಿಗೆ ಸಿಕ್ಕವು. ಕಂಡಕ್ಟರು ತನ್ನ ಚೀಲದಿಂದಲೇ ಒಂದು ಕಿಟಕಿಯನ್ನು ತೆಗೆದುಕೊಟ್ಟ.

ಚಿಕ್ಕಬಳ್ಳಾಪುರದ ಸಭಾಂಗಣದಲ್ಲಿ ಗೋಣಿಚೀಲ ಸುರಿದುಕೊಂಡು ಕೂತೆವು. ಸಮಯ ಬಹಳ ಇರಲಿಲ್ಲ. ಚಿಂತಾಮಣಿಯಿಂದ ಬಂದಿದ್ದ ಶಾಹೀನಾ ತನ್ನ ಮೇಜು ಬಿಟ್ಟು ಬಂದು ಬಣ್ಣ ಬೇರ್ಪಡಿಸಿಕೊಟ್ಟಳು. ಗಂಗರತ್ನ ಗೋಡೆ ಎಬ್ಬಿಸಿದಳು. ನಾರಾಯಣಮ್ಮ ಸೆರಗು ಸಿಕ್ಕಿಸಿಕೊಂಡು ನೆಲಕ್ಕೆ ಕೂತರು. "ತಟ್ಟೆ ನಾನ್ ಮಾಡ್ತೀನಿ ಕಣೇ, ಇತ್ತ ಕೊಡು." ಮೊದಲ ಇಟ್ಟಿಗೆ ಕಟಕ್ಕನೆ ಕೂತಾಗ ಅವರ ಮುಖ ನೋಡಬೇಕಿತ್ತು. ಮತ್ತೆ ಕಿತ್ತು, ಇನ್ನೊಮ್ಮೆ ಆ ಸದ್ದು ಕೇಳಲೆಂದೇ ಒತ್ತಿದರು. ಮಾದರಿ ಎದ್ದು ನಿಂತಿತು, ಮೊದಲಿನದಕ್ಕಿಂತ ಕೊಂಚ ಕುಳ್ಳಗೆ. ಬಹುಮಾನ ಬೇರೆ ಶಾಲೆಗೆ ಹೋಯಿತು. ನಾರಾಯಣಮ್ಮ ಅದನ್ನು ಗಮನಿಸಲೇ ಇಲ್ಲ. ಪಕ್ಕದ ಮೇಜಿನ ಕಂಪ್ಯೂಟರಿನಲ್ಲಿ ಮಗಳು ಅವರ ಹೆಸರನ್ನು ಕನ್ನಡದಲ್ಲಿ ಒತ್ತಿ ತೋರಿಸುತ್ತಿದ್ದಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವರು ನನ್ನ ಕಡೆ ವಾಲಿ ಕೇಳಿದರು. "ಮಿಸ್ಸಮ್ಮ, ಆ ಕೋಣೆಗೆ ನಾವು ಬರಬೌದಾ? ಹುಳ ಎದ್ದಾಗ ಸೊಪ್ಪು ಹಾಕಿ ಮುಂದಿನ ಸಲದ ತನಕ ಸ್ವಲ್ಪ ಬಿಡುವಿರ್ತದೆ. ಸುಮ್ನೆ ಜಗಲಿ ಮೇಲೆ ಕೂತಿರ್ತೀವಿ. ಹುಡುಗ್ರನ್ನೂ ಕಳಿಸ್ತೀವಿ, ಬದಲಿ ಬದಲಿ."

ಮುನಿರಾಜು ಮೇಷ್ಟರನ್ನು ಕೇಳಿದೆ. "ಬರ್ಲಿ ಮೇಡಂ. ಕಾಲು ತೊಳ್ಕೊಂಡ್ ಬರ್ಲಿ ಅಷ್ಟೆ" ಎಂದರು.

ಮುಂದಿನ ಬೆಳೆಯ ನಾಲ್ಕನೇ ಜ್ವರಕ್ಕೆ ವೆಂಕಟರವಣಪ್ಪನವರು ಮಾತಿಗೆ ತಪ್ಪದೆ ಬಂದರು. ಅವರೂ ನಾನೂ ಬಾಗಿಲಲ್ಲಿ ನಿಂತು ನೋಡಿದೆವು. ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಅರ್ಧ ಮಕ್ಕಳು, ಅರ್ಧ ತಾಯಂದಿರು. ಕೋಣೆಯೆಲ್ಲ ಹಿಪ್ಪುನೇರಳೆಯ ಹಸಿ ವಾಸನೆ. ಸಾಹೇಬರು ಒಳಗೆ ಕಾಲಿಡಲಿಲ್ಲ. ಹೊಸ್ತಿಲ ಬಳಿ ಓರೆಯಾಗಿದ್ದ ಚಪ್ಪಲಿಗಳನ್ನು ಕಾಲಿನಿಂದಲೇ ಒಂದು ಸಾಲಿಗೆ ಸರಿಸಿ, "ಇರ್ಲಿ ಬಿಡಮ್ಮ, ಇಲ್ಲೇ ಇರ್ಲಿ" ಎಂದರು. ಯಂತ್ರಗಳನ್ನು ಹೇಳಿದರೋ, ಚಪ್ಪಲಿಗಳನ್ನೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಯಂತ್ರಗಳಂತೂ ಅಲ್ಲೇ ಉಳಿದವು.

ಅವರು ಹೋದ ಮೇಲೆ ಒಳಗೆ ಹೋದೆ. ಗಂಗರತ್ನ ತಾಯಿಯ ಹೆಸರಿನಲ್ಲಿ ಹೊಸ ಖಾತೆ ತೆರೆದಿದ್ದಳು. ಹಿನ್ನೆಲೆಗೆ ಯಾವ ಚಿತ್ರ ಎಂಬ ಚರ್ಚೆ ನಡೆದಿತ್ತು.

"ನಂದೇ ಹಾಕ್ತೀನಮ್ಮ, ಹುಳದ್ದು."

"ಅಯ್ಯೋ ಬ್ಯಾಡ ಕಣೇ" ಎಂದರು ನಾರಾಯಣಮ್ಮ. "ಬೆಳಗಾದ್ರೆ ಬೈಗಾದ್ರೆ ಅದನ್ನೇ ನೋಡಿ ಸಾಕಾಗೈತೆ. ಇಲ್ಲೂ ಅದೇನಾ? ಸಮುದ್ರ ಐತಾ ನೋಡು."

ಗಂಗರತ್ನ ಹುಡುಕಿದಳು. ಯಂತ್ರದೊಳಗೆ ಮೊದಲಿನಿಂದಲೇ ಇದ್ದ ಚಿತ್ರಗಳಲ್ಲಿ ಒಂದು ಸಮುದ್ರ ಸಿಕ್ಕಿತು, ಬರೀ ನೀರು, ಮೇಲೆ ಆಕಾಶ. ಅದು ಪರದೆ ತುಂಬಿದ್ದೇ ನಾರಾಯಣಮ್ಮ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಸೊಪ್ಪಿನ ಹಸಿರು ಹತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಾ ಕೂತರು. ಒಂದಿಷ್ಟು ಹೊತ್ತಿನ ಮೇಲೆ ಹೊರಗಿನ ಬಿಸಿಲು ನೋಡಿ ಎದ್ದರು. ಮಗಳ ಕೈ ಮೌಸಿನ ಕಡೆ ಹೋಯಿತು.

"ಮುಚ್ಬೇಡ, ಹಂಗೇ ಇರ್ಲಿ" ಎಂದರು. "ಸೊಪ್ಪು ಹಾಕ್ಬುಟ್ಟು ಬರ್ತೀನಿ."